ಬೆಂಗಳೂರಿನ ಯುವಜನರನ್ನು ರಾಜಕೀಯಕ್ಕೆ ಕರೆಯುವವರು ಯಾರು?

ಪ್ರತಿ ಚುನಾವಣೆ ಮುಗಿದ ಮರುದಿನ ಬೆಂಗಳೂರು ಬೈಸಿಕೊಳ್ಳುತ್ತದೆ. 2024ರ ಏಪ್ರಿಲ್ 26ರಂದು ಲೋಕಸಭೆಗೆ ಮತದಾನ ನಡೆದಾಗ ನಗರದ ಉತ್ತರ, ಕೇಂದ್ರ, ದಕ್ಷಿಣ ಕ್ಷೇತ್ರಗಳಲ್ಲಿ ಮತ ಬಿದ್ದದ್ದು ಶೇ 53–54ರಷ್ಟು. ಅದೇ ದಿನ ಮಂಡ್ಯ ಶೇ 81 ದಾಟಿತ್ತು. ಅಂದು ಶುಕ್ರವಾರ. ಹಾಗಾಗಿ ತಪ್ಪಿತಸ್ಥರನ್ನು ಹುಡುಕಲು ಯಾರೂ ಹೆಚ್ಚು ಹೊತ್ತು ಕಳೆಯಲಿಲ್ಲ. ಮೂರು ದಿನ ರಜೆ ಸಿಕ್ಕಿತು, ಐಟಿ ಹುಡುಗರು ಮಡಿಕೇರಿಗೆ ಹೊರಟರು, ಇಂದಿನ ಪೀಳಿಗೆಗೆ ದೇಶದ ಚಿಂತೆಯೇ ಇಲ್ಲ ಎಂಬ ಮಾತು ಬಾಯಿಂದ ಬಾಯಿಗೆ ಹರಿಯಿತು.

ಇದೇ ಊರಿನಲ್ಲಿ ನಡೆದ ಬೇರೆ ಸಂಗತಿಗಳೂ ಇವೆ. 2016ರ ಅಕ್ಟೋಬರ್ 16ರ ಭಾನುವಾರ, ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆ ಬೇಡವೆಂದು ಸಾವಿರಾರು ಜನ ಕೈ ಕೈ ಹಿಡಿದು ನಿಂತರು. ಅದು ಸುಮಾರು 1,800 ಕೋಟಿ ರೂಪಾಯಿಯ ಯೋಜನೆ. 800ಕ್ಕೂ ಹೆಚ್ಚು ಮರಗಳು ಹೋಗುವುದಿತ್ತು. 2017ರ ಮಾರ್ಚ್‌ನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಅದೇ ವರ್ಷ ನಮ್ಮ ಮೆಟ್ರೊ ನಿಲ್ದಾಣಗಳ ಹಿಂದಿ ಫಲಕಗಳ ವಿರುದ್ಧ ಮೊಬೈಲ್‌ಗಳಲ್ಲಿ ಶುರುವಾದ ಕೂಗು ಫಲಕಗಳನ್ನೇ ಬದಲಿಸಿತು. 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯನ್ನು ವಿರೋಧಿಸಿ, ನಿಷೇಧಾಜ್ಞೆ ಇದ್ದರೂ, ಪುರಭವನದ ಮುಂದೆ ವಿದ್ಯಾರ್ಥಿಗಳು ಸೇರಿದರು. ಆ ನಿಷೇಧಾಜ್ಞೆಯೇ ಕಾನೂನಿಗೆ ವಿರುದ್ಧವಾಗಿತ್ತೆಂದು ಎರಡು ತಿಂಗಳಾಗುವಷ್ಟರಲ್ಲಿ ಹೈಕೋರ್ಟ್ ಹೇಳಿತು.

ಬಿಸಿಲಲ್ಲಿ ಸಾಲು ನಿಲ್ಲುವ, ಪೊಲೀಸ್ ವ್ಯಾನ್ ಹತ್ತಲು ಸಿದ್ಧವಿರುವ ಹುಡುಗ ಹುಡುಗಿಯರಿಗೆ ಕಾಳಜಿ ಇಲ್ಲ ಎಂದು ಹೇಳುವುದು ಸುಲಭವಲ್ಲ. ಒಬ್ಬ ಯುವಕ ಅಥವಾ ಯುವತಿ ಸಾರ್ವಜನಿಕ ವಿಷಯಗಳಲ್ಲಿ ತೊಡಗುವುದನ್ನು ಅವರ ಮನಸ್ಸಿಗಿಂತ ಹೆಚ್ಚಾಗಿ ಮೂರು ಸಂಗತಿಗಳು ನಿರ್ಧರಿಸುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ: ಅವರ ಹೆಸರು ಯಾವ ಊರಿನ ಪಟ್ಟಿಯಲ್ಲಿದೆ, ಅವರನ್ನು ಯಾರಾದರೂ ಕರೆದರೇ, ಹೋದಾಗ ಒಳಗೆ ಬಿಡುವ ಬಾಗಿಲೊಂದು ಹತ್ತಿರದಲ್ಲಿ ಇತ್ತೇ. ಬೆಂಗಳೂರು ಈ ಮೂರರಲ್ಲೂ ತನ್ನ ಮಕ್ಕಳಿಗೆ ಅನ್ಯಾಯ ಮಾಡಿದೆ.

ಪಟ್ಟಿಯಲ್ಲಿರುವವರು, ಇಲ್ಲದವರು

ಮತದಾನದ ಪ್ರಮಾಣವೆಂದರೆ ಪಟ್ಟಿಯಲ್ಲಿರುವ ಹೆಸರುಗಳಲ್ಲಿ ಎಷ್ಟು ಮಂದಿ ಬಂದು ಮತ ಹಾಕಿದರು ಎಂಬ ಲೆಕ್ಕ. ಇದರಲ್ಲಿ ಎರಡು ಕಡೆಯಿಂದ ತೊಡಕಿದೆ. ಬಾಡಿಗೆ ಮನೆ ಬದಲಿಸಿ ನಗರದ ಇನ್ನೊಂದು ತುದಿಗೋ ಬೇರೆ ದೇಶಕ್ಕೋ ಹೋದವರ ಹೆಸರು ಹಳೆಯ ಬೀದಿಯ ಪಟ್ಟಿಯಲ್ಲಿ ಹಾಗೆಯೇ ಉಳಿಯುತ್ತದೆ. ಅವರೆಲ್ಲ ‘ಬಾರದವರು’ ಎಂದೇ ಎಣಿಕೆಯಾಗುತ್ತಾರೆ. ಇನ್ನೊಂದು ಕಡೆ, ಪಟ್ಟಿಗೆ ಸೇರದೇ ಇದ್ದವರು ಈ ಲೆಕ್ಕಕ್ಕೆ ಸಿಗುವುದೇ ಇಲ್ಲ. ಯುವಜನರ ವಿಷಯದಲ್ಲಿ ದೊಡ್ಡ ಸಮಸ್ಯೆ ಇದೇ. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ದೇಶದಲ್ಲಿ 18–19ರ ವಯಸ್ಸಿನ ಸುಮಾರು 1.8 ಕೋಟಿ ಮತದಾರರು ಪಟ್ಟಿಯಲ್ಲಿದ್ದರು. ಆ ವಯಸ್ಸಿನವರ ಅಂದಾಜು ಜನಸಂಖ್ಯೆಯಲ್ಲಿ ಅದು ಶೇ 40ನ್ನೂ ಮುಟ್ಟುವುದಿಲ್ಲ. ಮತಗಟ್ಟೆಗೆ ಬರಲಿಲ್ಲವೆಂದು ಬೈಯುವ ಮೊದಲು, ಬರುವ ಹಕ್ಕುಪತ್ರ ಅವರ ಕೈಯಲ್ಲಿ ಇತ್ತೇ ಎಂದು ಕೇಳಬೇಕಲ್ಲವೇ?

ಹಾವೇರಿ ಕಡೆಯ ಇಪ್ಪತ್ತೆರಡರ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಮಾರತ್ತಹಳ್ಳಿಯ ಪೇಯಿಂಗ್ ಗೆಸ್ಟ್ (ಪಿ.ಜಿ.) ವಸತಿಯೊಂದರಲ್ಲಿ ಮೂವರು ಹಂಚಿಕೊಂಡ ಕೋಣೆಯಲ್ಲಿದ್ದಾಳೆ. ಹೆಸರು ಊರಿನ ಪಟ್ಟಿಯಲ್ಲಿದೆ. 2024ರಲ್ಲಿ ಬೆಂಗಳೂರು ಏಪ್ರಿಲ್ 26ಕ್ಕೆ ಮತ ಹಾಕಿತು, ಹಾವೇರಿ ಮೇ 7ರ ಮಂಗಳವಾರ. ಇಲ್ಲಿನ ರಜೆ ಅವಳಿಗೆ ಉಪಯೋಗವಿಲ್ಲ. ಊರಿನಲ್ಲಿ ಮತದಾನ ನಡೆಯುವ ದಿನ ವೇತನಸಹಿತ ರಜೆ ಕೇಳುವ ಹಕ್ಕನ್ನು ಕಾನೂನು ಕೊಟ್ಟಿದೆ ನಿಜ. ಆದರೆ ಕೆಲಸಕ್ಕೆ ಸೇರಿ ಆರು ತಿಂಗಳಾದವಳು, ವಾರದ ನಡುವೆ, ಸುಮಾರು 340 ಕಿಲೋಮೀಟರ್ ದೂರದ ಊರಿಗೆ ಹೋಗಿ ಬರಲು ರಜೆ ಕೇಳುವುದು ಎಷ್ಟು ಕಷ್ಟ ಎಂಬುದು ಕೇಳಿದವರಿಗೇ ಗೊತ್ತು. ಮರುದಿನದ ಪತ್ರಿಕೆಯಲ್ಲಿ ಅವಳು ‘ನಿರಾಸಕ್ತ ಯುವಜನ’ದ ಭಾಗ.

ಹೆಸರನ್ನು ಇಲ್ಲಿಗೇ ವರ್ಗಾಯಿಸಿಕೊಳ್ಳಬಹುದಲ್ಲ ಎನ್ನಬಹುದು. ಹೌದು, ನಮೂನೆ 8 ಇರುವುದೇ ಅದಕ್ಕೆ. ಹೊಸದಾಗಿ ಸೇರುವವರಿಗೆ ನಮೂನೆ 6. ಹಿಂದೆ ಜನವರಿ 1ಕ್ಕೆ ಹದಿನೆಂಟು ತುಂಬದಿದ್ದರೆ ಒಂದು ವರ್ಷ ಕಾಯಬೇಕಿತ್ತು. 2022ರ ಆಗಸ್ಟ್‌ನಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನ ಹೀಗೆ ವರ್ಷಕ್ಕೆ ನಾಲ್ಕು ಅವಕಾಶಗಳಿವೆ. ಹದಿನೇಳು ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ವಾಸಸ್ಥಳದ ದಾಖಲೆ ಎಂಬಲ್ಲಿಗೆ ಬಂದಾಗ ಮಾತ್ರ ಪಿ.ಜಿ. ಹುಡುಗಿ ನಿಂತುಬಿಡುತ್ತಾಳೆ. ವಿದ್ಯುತ್ ಬಿಲ್ಲು ಮಾಲೀಕರ ಹೆಸರಿನಲ್ಲಿದೆ, ನೀರಿನ ಬಿಲ್ಲೂ ಅವರದೇ. ನೋಂದಾಯಿತ ಬಾಡಿಗೆ ಕರಾರನ್ನು ಪಿ.ಜಿ.ಯಲ್ಲಿ ಯಾರು ಮಾಡಿಕೊಡುತ್ತಾರೆ? ಆಧಾರ್ ಕಾರ್ಡಿನಲ್ಲಿರುವುದು ಅಪ್ಪನ ಮನೆ. ಇಂಥವರಿಗೂ ದಾರಿ ಇದೆ: ದಾಖಲೆ ಇಲ್ಲದಿದ್ದರೆ ಮತಗಟ್ಟೆ ಮಟ್ಟದ ಅಧಿಕಾರಿ ಸ್ಥಳಕ್ಕೆ ಬಂದು ಪರಿಶೀಲಿಸಿ ಸೇರಿಸಬಹುದು. ಕಾಲೇಜು ಹಾಸ್ಟೆಲಿನಲ್ಲಿರುವವರು ಪ್ರಾಂಶುಪಾಲರ ದೃಢೀಕರಣ ತಂದರೆ ಹಾಸ್ಟೆಲ್ ವಿಳಾಸಕ್ಕೇ ಹೆಸರು ಸೇರಿಸಿಕೊಳ್ಳಬಹುದು. ಈ ನಿಯಮಗಳು ಗೊತ್ತಿರುವ ವಿದ್ಯಾರ್ಥಿಗಳು ಎಷ್ಟು ಮಂದಿ? ಕಾಲೇಜಿಗೆ ಸೇರುವಾಗ ಹತ್ತಾರು ಅರ್ಜಿ ತುಂಬಿಸುವ ಸಂಸ್ಥೆಗಳು ಅದರ ಜೊತೆಗೇ ನಮೂನೆ 6ನ್ನೂ ಮುಂದಿಟ್ಟರೆ ಅರ್ಧ ಕೆಲಸ ಮುಗಿದಂತೆ.

ವಿಳಾಸದ ಮಹತ್ವವನ್ನು ಆಸ್ಟ್ರಿಯಾ ದೇಶದ ಅನುಭವ ಚೆನ್ನಾಗಿ ತೋರಿಸುತ್ತದೆ. ಅಲ್ಲಿ 2007ರಲ್ಲಿ ಮತದಾನದ ವಯಸ್ಸನ್ನು 16ಕ್ಕೆ ಇಳಿಸಿದರು. ಮಕ್ಕಳಿಗೆ ಏನು ತಿಳಿಯುತ್ತದೆ ಎಂಬ ಆಕ್ಷೇಪ ಎಲ್ಲ ಕಡೆಯಂತೆ ಅಲ್ಲಿಯೂ ಇತ್ತು. ಆಮೇಲಿನ ಅಧ್ಯಯನಗಳಲ್ಲಿ ಕಂಡದ್ದೇನೆಂದರೆ, 16–17ರವರು 18–20ರವರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಮತ ಹಾಕಿದ್ದರು. ಹದಿನಾರರಲ್ಲಿ ಮಕ್ಕಳು ಅಪ್ಪ ಅಮ್ಮನ ಜೊತೆ ಇರುತ್ತಾರೆ, ಶಾಲೆಗೆ ಹೋಗುತ್ತಾರೆ, ಬೀದಿಯವರ ಪರಿಚಯವಿರುತ್ತದೆ. ಹದಿನೆಂಟರಿಂದ ಇಪ್ಪತ್ತು ಮನೆ ಬಿಡುವ ವಯಸ್ಸು. ಕೊಠಡಿ, ಊರು, ಗೆಳೆಯರು ಎಲ್ಲವೂ ಒಟ್ಟಿಗೆ ಬದಲಾಗುವ ಆ ಹೊತ್ತಿನಲ್ಲೇ ಮೊದಲ ಮತ ಬರುತ್ತದೆ. ನಾಡಿನ ಎಲ್ಲ ಜಿಲ್ಲೆಗಳಿಂದ, ಹೊರರಾಜ್ಯಗಳಿಂದ ಇದೇ ವಯಸ್ಸಿನವರನ್ನು ಸೆಳೆದುಕೊಳ್ಳುವ ನಗರ ಬೆಂಗಳೂರು.

ಯಾರೂ ಕರೆಯಲಿಲ್ಲ

ಜನರೇಕೆ ರಾಜಕೀಯದಲ್ಲಿ ಭಾಗವಹಿಸುವುದಿಲ್ಲ ಎಂಬ ಪ್ರಶ್ನೆಗೆ ಅಮೆರಿಕದ ಮೂವರು ರಾಜ್ಯಶಾಸ್ತ್ರಜ್ಞರು 1995ರಲ್ಲಿ ಮೂರು ಉತ್ತರ ಕೊಟ್ಟರು: ಅವರಿಂದ ಆಗುವುದಿಲ್ಲ, ಅವರಿಗೆ ಬೇಡ, ಅಥವಾ ಅವರನ್ನು ಯಾರೂ ಕೇಳಲಿಲ್ಲ. ನಮ್ಮ ಟಿ.ವಿ. ಚರ್ಚೆಗಳು ಎರಡನೆಯದನ್ನೇ ಹಿಡಿದು ಕೂತಿವೆ. ಮೂರನೆಯದು ಎಷ್ಟು ಬಲವಾದದ್ದು ಎಂಬುದಕ್ಕೆ ಅದೇ ದೇಶದ ನ್ಯೂ ಹೇವನ್ ನಗರದಲ್ಲಿ 1998ರಲ್ಲಿ ನಡೆದ ಪ್ರಯೋಗ ಸಾಕ್ಷಿ. ಕೆಲವು ಮತದಾರರ ಮನೆಗೆ ಹೋಗಿ ಮುಖಾಮುಖಿ ಮಾತಾಡಿಸಿದರು, ಕೆಲವರಿಗೆ ಫೋನ್ ಮಾಡಿದರು. ಮನೆಗೆ ಹೋಗಿ ಮಾತಾಡಿಸಿದವರಲ್ಲಿ ಮತದಾನ ಎದ್ದು ಕಾಣುವಷ್ಟು ಏರಿತು. ಫೋನಿನಿಂದ ಏನೂ ಆಗಲಿಲ್ಲ. ಮುಂದಿನ ವರ್ಷದ ಚುನಾವಣೆಯಲ್ಲೂ, ಯಾರೂ ಮತ್ತೆ ನೆನಪಿಸದಿದ್ದರೂ, ಆ ಜನ ಉಳಿದವರಿಗಿಂತ ಹೆಚ್ಚಾಗಿ ಬಂದರು. ಒಮ್ಮೆ ಮತ ಹಾಕಿದವರಿಗೆ ಅದು ಅಭ್ಯಾಸವಾಗುತ್ತದೆ. ಮೊದಲ ಎರಡು ಮೂರು ಚುನಾವಣೆ ತಪ್ಪಿಸಿಕೊಂಡವರಿಗೆ ತಪ್ಪಿಸಿಕೊಳ್ಳುವುದೂ ಹಾಗೆಯೇ ಅಭ್ಯಾಸವಾಗುತ್ತದೆ.

ಬೆಂಗಳೂರಿನಲ್ಲಿ ಹದಿನೆಂಟರ ಹುಡುಗನನ್ನು ಕರೆಯುವವರು ಯಾರು? ಹಳೆಯ ಬಡಾವಣೆಗಳಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿದೆ: ಗಣೇಶೋತ್ಸವದ ಸಮಿತಿ, ರಾಜ್ಯೋತ್ಸವದ ಸಮಿತಿ, ನಟರ ಅಭಿಮಾನಿ ಸಂಘ. ಶ್ರೀರಾಮಪುರವೋ ಕಾಟನ್‌ಪೇಟೆಯೋ ಆಗಿರಲಿ, ಹಬ್ಬಕ್ಕೆ ತಿಂಗಳಿರುವಾಗ ಅಲ್ಲಿನ ಸಮಿತಿಯ ಹುಡುಗ ರಸೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ಹತ್ತುತ್ತಾನೆ. ಯಾರು ಎಷ್ಟು ಚಂದಾ ಕೊಡುತ್ತಾರೆ, ಯಾರ ಹತ್ತಿರ ಹೇಗೆ ಮಾತಾಡಬೇಕು ಎಂಬುದನ್ನು ಕಲಿಯುತ್ತಾನೆ. ಪೆಂಡಾಲಿಗೆ ಪಾಲಿಕೆಯ ಅನುಮತಿ, ಠಾಣೆಯ ಅನುಮತಿ, ತಾತ್ಕಾಲಿಕ ವಿದ್ಯುತ್ ಸಂಪರ್ಕಕ್ಕೆ ಬೆಸ್ಕಾಂ, ರಾತ್ರಿ ಹತ್ತರ ನಂತರ ಧ್ವನಿವರ್ಧಕ ನಿಲ್ಲಿಸುವ ಷರತ್ತು, ಮೆರವಣಿಗೆಯ ದಾರಿ, ಮೂರ್ತಿ ಬಿಡುವ ಕೆರೆ. ಕೊನೆಗೆ ಉಳಿದ ದುಡ್ಡಿನ ಲೆಕ್ಕ, ಆ ಲೆಕ್ಕದ ಮೇಲೆ ಜಗಳ. ಸರ್ಕಾರಿ ಕಚೇರಿಯ ಮೇಜಿನ ಮುಂದೆ ಹೆದರದೆ ನಿಲ್ಲುವುದನ್ನು ಅವನು ಕಲಿತದ್ದು ಯಾವ ಪೌರನೀತಿ ಪಾಠದಿಂದಲೂ ಅಲ್ಲ. ಶಾಸಕರ ಕಡೆಯವರು, ಮಾಜಿ ಕಾರ್ಪೊರೇಟರ್‌ಗಳು ಮುಂದಿನ ಕಾರ್ಯಕರ್ತನನ್ನು ಆರಿಸುವುದು ಇಲ್ಲಿಂದಲೇ. ಎರಡು ವರ್ಷದಲ್ಲಿ ಅವನ ಮುಖ ಹುಟ್ಟುಹಬ್ಬದ ಫ್ಲೆಕ್ಸ್‌ನ ಕೆಳಸಾಲಿನಲ್ಲಿ ಕಾಣಿಸಿಕೊಳ್ಳುತ್ತದೆ.

ಈ ದಾರಿಯನ್ನು ಕೀಳಾಗಿ ಕಾಣುವವರು ನನಗೆ ಒಪ್ಪಿಗೆಯಿಲ್ಲ. ಸಾಮಾನ್ಯ ಮನೆಯ ಹುಡುಗನಿಗೆ ಈ ನಗರದಲ್ಲಿ ತೆರೆದಿರುವ ಕೆಲವೇ ರಾಜಕೀಯ ದಾರಿಗಳಲ್ಲಿ ಇದೂ ಒಂದು. ಆದರೆ ಅದರ ಮಿತಿ ದೊಡ್ಡದು. ಅಲ್ಲಿ ಹುಡುಗಿಯರು ಕಾಣುವುದು ಅಪರೂಪ, ಜಾತಿ ಮತ್ತು ಧರ್ಮದ ಗೆರೆ ದಾಟುವುದು ಇನ್ನೂ ಅಪರೂಪ. ಹೊರಗಿನಿಂದ ಬಂದವರಿಗಂತೂ ಆ ವೃತ್ತದೊಳಗೆ ಜಾಗವೇ ಇಲ್ಲ.

ಹೊಸ ಬಡಾವಣೆಗಳ ಮತ್ತು ಅಪಾರ್ಟ್‌ಮೆಂಟ್‌ಗಳ ಕಥೆ ಬೇರೆ. ಅಲ್ಲಿ ಕರೆಯುವುದು ನಿವಾಸಿಗಳ ಸಂಘ. ಅಪಾರ್ಟ್‌ಮೆಂಟ್ ಸಂಘವೆಂದರೆ ಕಾನೂನಿನ ಪ್ರಕಾರವೇ ಮಾಲೀಕರ ಸಂಘ. ಬಾಡಿಗೆಗೆ ಇರುವ ಇಪ್ಪತ್ತೈದರ ದಂಪತಿಗೆ ಅದರಲ್ಲಿ ಮತವಿಲ್ಲ. ಮಾತೂ ಬಹುಪಾಲು ಇಂಗ್ಲಿಷಿನಲ್ಲಿ. ಪಿ.ಜಿ.ಗಳಲ್ಲಿರುವವರನ್ನು ಇವೆರಡೂ ಜಗತ್ತುಗಳು ತಮ್ಮವರೆಂದು ತಿಳಿಯುವುದಿಲ್ಲ. ಅಭ್ಯರ್ಥಿ ಮನೆ ಮನೆಗೆ ಹೋಗುವಾಗ ಮತದಾರರ ಪಟ್ಟಿ ಹಿಡಿದು ಹೋಗುತ್ತಾರೆ. ಅರವತ್ತು ಮಂದಿ ವಾಸವಿದ್ದು ಒಂದೇ ಒಂದು ಹೆಸರೂ ಪಟ್ಟಿಯಲ್ಲಿಲ್ಲದ ಕಟ್ಟಡವನ್ನು ದಾಟಿ ಮುಂದೆ ನಡೆಯುತ್ತಾರೆ. ಹೆಸರಿಲ್ಲದ್ದರಿಂದ ಕರೆಯುವವರಿಲ್ಲ, ಕರೆಯುವವರಿಲ್ಲದ್ದರಿಂದ ಹೆಸರು ಸೇರಿಸುವ ಹುರುಪೂ ಹುಟ್ಟುವುದಿಲ್ಲ.

ಒಟ್ಟಿಗೆ ಬದುಕುವ ಜಾಗ ರಾಜಕೀಯವನ್ನು ಹುಟ್ಟಿಸಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲೇ ದೊಡ್ಡ ಉದಾಹರಣೆ ಇದೆ. 1973ರ ಕೊನೆಯಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂಬರ್ಥದ ಮಾತಾಡಿದಾಗ ಗಲಾಟೆ ಎದ್ದಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಆ ಪೆಟ್ಟು ತಿಂದ ತಲೆಮಾರಿನಿಂದಲೇ ದಲಿತ ಸಂಘರ್ಷ ಸಮಿತಿ ಮೂಡಿತು. ಸರ್ಕಾರಿ ಹಾಸ್ಟೆಲುಗಳ ಕೋಣೆಗಳಲ್ಲಿ ಅದರ ಓದು, ಚರ್ಚೆ, ಹಾಡು, ಕರಪತ್ರ ಬೆಳೆದವು. ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಅವರಂಥವರು ಆ ಹುಡುಗರಿಗೆ ಮಾತು ಕೊಟ್ಟರು. ಹಣವಿಲ್ಲದ, ಮನೆಯಲ್ಲಿ ಓದಿದವರಿಲ್ಲದ ಹುಡುಗರು ರಾಜ್ಯದ ರಾಜಕೀಯದ ದಿಕ್ಕನ್ನು ಬದಲಿಸಿದರು. ಹಾಸ್ಟೆಲ್ ಇರಲಿ, ಪಿ.ಜಿ. ಇರಲಿ, ಅಲ್ಲಿಯೂ ನಾಲ್ಕು ಜನ ಒಂದೇ ಕೋಣೆಯಲ್ಲಿ ಮಲಗುತ್ತಾರೆ. ಆದರೆ ಹಾಸ್ಟೆಲಿನವರನ್ನು ಮೂರು ವರ್ಷ ಒಂದೇ ಕಷ್ಟ, ಒಂದೇ ಕಾಲೇಜು ಹಿಡಿದಿಟ್ಟಿರುತ್ತದೆ. ಪಿ.ಜಿ.ಯಲ್ಲಿ ಪಕ್ಕದ ಮಂಚದವರು ಮುಂದಿನ ತಿಂಗಳು ಇರುತ್ತಾರೋ ಇಲ್ಲವೋ.

ಮೇಲಿನ ಮೆಟ್ಟಿಲು ಇದೆ, ಕೆಳಗಿನದು ಇಲ್ಲ

1988ರ 61ನೇ ಸಂವಿಧಾನ ತಿದ್ದುಪಡಿಯಿಂದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದು, 1989ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಹೆಚ್ಚು ಕಡಿಮೆ ಅದೇ ಹೊತ್ತಿಗೆ, 1989–90ರ ಸುಮಾರಿಗೆ, ಕರ್ನಾಟಕದಲ್ಲಿ ಕಾಲೇಜುಗಳ ವಿದ್ಯಾರ್ಥಿ ಸಂಘದ ಚುನಾವಣೆಗಳನ್ನು ನಿಲ್ಲಿಸಲಾಯಿತು. ಹಿಂಸೆ, ಹೊರಗಿನವರ ಪ್ರವೇಶ, ಓದಿಗೆ ತೊಂದರೆ ಎಂಬ ಕಾರಣಗಳು ಸುಳ್ಳೇನೂ ಆಗಿರಲಿಲ್ಲ. ಆದರೆ ದೇಶ ಆಳುವವರನ್ನು ಆರಿಸಲು ಅರ್ಹರೆಂದು ಒಂದು ಕೈಯಲ್ಲಿ ಹೇಳಿ, ತಮ್ಮ ಕಾಲೇಜಿನ ಕ್ಯಾಂಟೀನ್ ಬಗ್ಗೆ ಮಾತಾಡುವ ಪ್ರತಿನಿಧಿಯನ್ನು ಆರಿಸಲು ಅರ್ಹರಲ್ಲವೆಂದು ಇನ್ನೊಂದು ಕೈಯಲ್ಲಿ ಹೇಳಿದಂತಾಯಿತು. ಮೂರೂವರೆ ದಶಕ ಅದು ಹಾಗೆಯೇ ನಡೆದುಬಂತು. ವಿದ್ಯಾರ್ಥಿ ಸಂಘದ ಚುನಾವಣೆಗಳ ಕುರಿತ ಜೆ.ಎಂ. ಲಿಂಗ್ಡೋ ಸಮಿತಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2006ರಲ್ಲಿ ಜಾರಿಗೊಳಿಸಿದಾಗ ಹಿಂಸೆ ಮತ್ತು ಹಣದ ಭಯಕ್ಕೆ ಉತ್ತರ ಸಿಕ್ಕಿತ್ತು: ಅಭ್ಯರ್ಥಿಯ ಖರ್ಚಿಗೆ 5,000 ರೂಪಾಯಿ ಮಿತಿ, ಕಡ್ಡಾಯ ಹಾಜರಾತಿ, ವಯಸ್ಸಿನ ಮಿತಿ. ಈ ಚುನಾವಣೆಗಳನ್ನು ಮತ್ತೆ ನಡೆಸುವ ಮಾತು 2025ರ ಕೊನೆಯಲ್ಲಿ ಸರ್ಕಾರದ ಮಟ್ಟದಲ್ಲೇ ಎದ್ದಿತು. ನಡೆಸಬೇಕು. ಸೋಲುವುದನ್ನು, ಸೋತ ಮೇಲೆ ಗೆದ್ದವರ ಜೊತೆ ಕೆಲಸ ಮಾಡುವುದನ್ನು ಹತ್ತೊಂಬತ್ತರಲ್ಲೇ ಕಲಿಯುವುದು ಒಳ್ಳೆಯದು.

ನಗರದ ಆಡಳಿತದ ಕಥೆ ಇದಕ್ಕಿಂತ ಬೇಸರದ್ದು. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ, 198 ವಾರ್ಡುಗಳಿಗೆ. ಆ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವಾರ್ಡುಗಳನ್ನು 243 ಮಾಡಿದರು, 225 ಮಾಡಿದರು, ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ನಗರ ಐದು ಪಾಲಿಕೆಗಳಾಯಿತು. ಅಷ್ಟೂ ಕಾಲ ಆಳಿದ್ದು ಆಡಳಿತಾಧಿಕಾರಿಗಳು. 1998ರಲ್ಲಿ ಇಲ್ಲೇ ಹುಟ್ಟಿ ಇಲ್ಲೇ ಬೆಳೆದವರನ್ನು ಗಮನಿಸಿ: 2015ರ ಚುನಾವಣೆಯಲ್ಲಿ ಅವರಿಗೆ ಮತವಿರಲಿಲ್ಲ. 2025 ಮುಗಿದಾಗ ಅವರಿಗೆ ಇಪ್ಪತ್ತೇಳು. ಅಷ್ಟರೊಳಗೆ ಒಮ್ಮೆಯೂ ತಮ್ಮ ವಾರ್ಡಿನ ಪ್ರತಿನಿಧಿಯನ್ನು ಆರಿಸಿದವರಲ್ಲ.

ಇದೇ ಅವಧಿಯಲ್ಲಿ, ಕೋವಿಡ್ ಇನ್ನೂ ಇದ್ದಾಗಲೇ, 2020ರ ಡಿಸೆಂಬರ್‌ನಲ್ಲಿ ರಾಜ್ಯದ ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಹಳ್ಳಿಯ 21ರ ಹುಡುಗಿ ಸದಸ್ಯೆಯಾಗಬಹುದಾಗಿತ್ತು. ಬೆಂಗಳೂರಿನ ಅದೇ ವಯಸ್ಸಿನವಳಿಗೆ ಸ್ಪರ್ಧಿಸಲು ಕ್ಷೇತ್ರವೇ ಇರಲಿಲ್ಲ. ವಿಧಾನಸಭೆಗೆ ನಿಲ್ಲಲು 25 ತುಂಬಬೇಕು, ಅದಕ್ಕೆ ಬೇಕಾದ ಹಣದ ಮಾತು ಬೇಡ. ಹಳ್ಳಿಗಳಲ್ಲಿ ಮಕ್ಕಳ ಗ್ರಾಮ ಸಭೆಯೂ ನಡೆಯುತ್ತದೆ. ಶಾಲೆಯ ಶೌಚಾಲಯಕ್ಕೆ ನೀರಿಲ್ಲವೆಂದು ಏಳನೇ ತರಗತಿಯ ಹುಡುಗಿ ಮೈಕಿನಲ್ಲಿ ಹೇಳುತ್ತಾಳೆ, ಅಧಿಕಾರಿ ಎದುರೇ ಕೂತು ಕೇಳಬೇಕಾಗುತ್ತದೆ. ನಗರದ ಮಗುವಿಗೆ ಅಂಥ ಸಭೆಯಿಲ್ಲ. 2023ರಿಂದ ರಾಜ್ಯದ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತಿರುವುದು ಒಳ್ಳೆಯ ಕೆಲಸವೇ. ಓದಿದ್ದನ್ನು ಪ್ರಯೋಗಿಸುವ ಜಾಗವೂ ಅವರಿಗೆ ಬೇಕು.

ತಮ್ಮ ಮಾತಿಗೆ ಬೆಲೆಯಿದೆ ಎಂಬ ನಂಬಿಕೆ ಭಾಷಣದಿಂದ ಬರುವುದಿಲ್ಲ. ದೂರು ಕೊಟ್ಟ ಬೀದಿದೀಪ ನಾಲ್ಕನೇ ದಿನ ಉರಿದರೆ ಬರುತ್ತದೆ. ವಾರ್ಡ್ ಮಟ್ಟದ ಜನಪ್ರತಿನಿಧಿ ಇದ್ದರೆ ಆ ದೀಪಕ್ಕೆ ಹೊಣೆಯಾಗುವ ಮುಖವೊಂದು ಇರುತ್ತದೆ. ಇಲ್ಲದಿದ್ದಾಗ ಉಳಿಯುವುದು ಆ್ಯಪ್‌ನಲ್ಲಿ ದೂರಿನ ಸಂಖ್ಯೆ. ಉಕ್ಕಿನ ಸೇತುವೆಯ ಹೋರಾಟ ಗೆದ್ದದ್ದರ ಕಾರಣವೂ ಇದರಲ್ಲೇ ಇದೆ: ಬೇಡಿಕೆ ಒಂದೇ, ತೀರ್ಮಾನಿಸಬೇಕಾದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ದಿನನಿತ್ಯದ ಚರಂಡಿ, ಕಸ, ಪಾದಚಾರಿ ಮಾರ್ಗಕ್ಕೆ ಅಂಥ ಸ್ಪಷ್ಟತೆ ಇಲ್ಲ. ಆದ್ದರಿಂದಲೇ ನಮ್ಮ ಯುವಜನರ ರಾಜಕೀಯ ಒಮ್ಮೆಗೇ ಉಕ್ಕಿ ಹರಿದು, ಆಮೇಲೆ ತಿಂಗಳುಗಟ್ಟಲೆ ಕಾಣದಂತಾಗುತ್ತದೆ.

ತೆರಬೇಕಾದ ಬೆಲೆ

ಬೀದಿಗಿಳಿಯುವುದಕ್ಕೂ ಬೆಲೆಯಿದೆ. 2021ರ ಆದೇಶದ ನಂತರ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಗೊತ್ತುಪಡಿಸಿದ ಜಾಗ ಫ್ರೀಡಂ ಪಾರ್ಕ್ ಮಾತ್ರ. ತುರ್ತುಪರಿಸ್ಥಿತಿಯಲ್ಲಿ ವಿರೋಧ ಪಕ್ಷದ ನಾಯಕರನ್ನು ಕೂಡಿಟ್ಟಿದ್ದ ಹಳೆಯ ಸೆಂಟ್ರಲ್ ಜೈಲಿನ ಆವರಣವದು. ಸಂಚಾರಕ್ಕೆ ಅಡ್ಡಿಯಾಗಬಾರದೆಂಬುದು ಒಪ್ಪತಕ್ಕದ್ದೇ. ಆದರೆ ವೈಟ್‌ಫೀಲ್ಡ್‌ನ ಕೆರೆ ಹಾಳಾದರೆ ವೈಟ್‌ಫೀಲ್ಡ್‌ನಲ್ಲಿ ನಿಂತು ಹೇಳುವಂತಿಲ್ಲ ಎಂದಾಗ, ಅಲ್ಲಿನ ಕಾಲೇಜಿನ ಹುಡುಗರಿಗೆ ಅರ್ಧ ದಿನದ ಬಸ್ ಪ್ರಯಾಣವೇ ಪ್ರತಿಭಟನೆಯ ಶುಲ್ಕವಾಗುತ್ತದೆ. 2021ರ ಫೆಬ್ರುವರಿಯಲ್ಲಿ ರೈತ ಹೋರಾಟಕ್ಕೆ ಸಂಬಂಧಿಸಿದ ಒಂದು ಆನ್‌ಲೈನ್ ಕಡತದ ವಿಷಯದಲ್ಲಿ ನಗರದ 22ರ ಹವಾಮಾನ ಹೋರಾಟಗಾರ್ತಿಯನ್ನು ದೆಹಲಿ ಪೊಲೀಸರು ಬಂಧಿಸಿದರು. ಹತ್ತು ದಿನಕ್ಕೆ ಜಾಮೀನು ಸಿಕ್ಕಿತು. ಆ ಹತ್ತು ದಿನಗಳಲ್ಲಿ ನಗರದ ಎಷ್ಟು ಮನೆಗಳಲ್ಲಿ ತಂದೆ ತಾಯಿ ‘ನಿನಗೇಕೆ ಬೇಕು ಇದೆಲ್ಲ’ ಎಂದಿರಬಹುದು! ಪಾಸ್‌ಪೋರ್ಟ್, ವೀಸಾ, ಕ್ಯಾಂಪಸ್ ಸಂದರ್ಶನ ಇವುಗಳ ಭಯ ಮಧ್ಯಮವರ್ಗದ ಮನೆಗಳಲ್ಲಿ ಎಲ್ಲ ಸಿದ್ಧಾಂತಗಳಿಗಿಂತ ಬಲವಾದದ್ದು.

ಹುಡುಗಿಯರಿಗೆ ಇದರ ಮೇಲೆ ಇನ್ನೊಂದು ಗೇಟು, ಅಕ್ಷರಶಃ. ಹಲವು ಪಿ.ಜಿ., ಹಾಸ್ಟೆಲುಗಳ ಬಾಗಿಲು ರಾತ್ರಿ ಒಂಬತ್ತೂವರೆ, ಹತ್ತಕ್ಕೆ ಮುಚ್ಚುತ್ತದೆ. ಸಂಘಟನೆಗಳ ಸಭೆಗಳು ಕೆಲಸ ಬಿಟ್ಟ ಮೇಲೆ, ಸಂಜೆ ಏಳಕ್ಕೆ ಶುರುವಾಗುತ್ತವೆ. ಮುಖ್ಯ ತೀರ್ಮಾನಗಳಾಗುವ ಹೊತ್ತಿಗೆ ಅವರು ಬಸ್ ನಿಲ್ದಾಣದಲ್ಲಿರುತ್ತಾರೆ. ಸಭೆಯನ್ನು ಶನಿವಾರ ಮಧ್ಯಾಹ್ನಕ್ಕೆ ಇಟ್ಟರೆ ಸಾಕು, ಬರುವವರ ಸಂಖ್ಯೆಯೂ ಮಾತಾಡುವವರ ಸಂಖ್ಯೆಯೂ ಬದಲಾಗುತ್ತದೆ.

ಇಷ್ಟರ ನಡುವೆಯೂ ಹೊಸ ಬಾಗಿಲುಗಳನ್ನು ಯುವಜನ ತಾವೇ ತೆರೆಯುತ್ತಿದ್ದಾರೆ, ಹೆಚ್ಚಾಗಿ ಕೆಲಸದ ಜಾಗದಲ್ಲಿ. 2024ರಲ್ಲಿ ಐಟಿ ವಲಯಕ್ಕೆ ದಿನಕ್ಕೆ 14 ಗಂಟೆಯವರೆಗಿನ ದುಡಿಮೆಯ ಪ್ರಸ್ತಾವ ಬಂದಾಗ ಐಟಿ ನೌಕರರ ಸಂಘ ಬೀದಿಗಿಳಿಯಿತು, ಪ್ರಸ್ತಾವ ಮುಂದಕ್ಕೆ ಹೋಗಲಿಲ್ಲ. ಊಟ ತಲುಪಿಸುವ, ಕ್ಯಾಬ್ ಓಡಿಸುವ ಹುಡುಗರ ಸಂಘಟನೆಗಳ ಒತ್ತಾಯವೂ ಸೇರಿ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ರಾಜ್ಯ ಕಾನೂನು ತಂದಿತು. ಇವರಲ್ಲಿ ಎಷ್ಟೋ ಮಂದಿಗೆ ಬೆಂಗಳೂರಿನಲ್ಲಿ ಮತವಿಲ್ಲ. ಕೆಲಸ ಅವರನ್ನು ಒಂದೆಡೆ ಸೇರಿಸಿತು, ಕಷ್ಟ ಒಂದೇ ಆಗಿತ್ತು, ಜೊತೆಗಾರನೇ ಬಂದು ಕರೆದ.

ಐದು ಪಾಲಿಕೆಗಳಿಗೆ ಒಟ್ಟು 369 ವಾರ್ಡುಗಳನ್ನು ಗುರುತಿಸಿದ್ದಾರೆ. ಹಿಂದಿನ 198ಕ್ಕಿಂತ ವಾರ್ಡುಗಳು ಚಿಕ್ಕವಾದವು. ವಾರ್ಡಿನ ಮತದಾರರ ಪಟ್ಟಿ ತಯಾರಾಗುವುದು ವಿಧಾನಸಭಾ ಕ್ಷೇತ್ರದ ಪಟ್ಟಿಯಿಂದಲೇ, ಹಾಗಾಗಿ ನಮೂನೆ 8 ತುಂಬಿದ ಪಿ.ಜಿ. ಹುಡುಗಿಗೆ ಇಲ್ಲಿಯೂ ಮತ ಬರುತ್ತದೆ. ವಾರ್ಡ್ ಚುನಾವಣೆಗಳಲ್ಲಿ ಕೆಲವೇ ನೂರು ಮತಗಳ ಅಂತರದಲ್ಲಿ ಗೆಲುವು ಸೋಲು ತೀರ್ಮಾನವಾಗುವುದು ಹೊಸದೇನಲ್ಲ. ನಲವತ್ತು ಮಂದಿ ಇರುವ ಹತ್ತು ಪಿ.ಜಿ.ಗಳು ಒಂದೇ ರಸ್ತೆಯಲ್ಲಿರುವ ಬಡಾವಣೆಗಳು ಈ ನಗರದಲ್ಲಿ ಬೇಕಾದಷ್ಟಿವೆ. ಅಲ್ಲಿರುವ ನಾನೂರು ಹೆಸರು ಪಟ್ಟಿಗೆ ಸೇರಿದರೆ, ಯಾವ ಪಕ್ಷದ ಅಭ್ಯರ್ಥಿಯೂ ಆ ಮೆಟ್ಟಿಲುಗಳನ್ನು ಹತ್ತದೆ ಮುಂದೆ ಹೋಗುವುದಿಲ್ಲ.